ಅಮೆರಿಕ ಅಧ್ಯಕ್ಷರ ಮಾತು: ಅಚ್ಚಿಗೆ ಹೋಗುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಚುನಾವಣೆಯೋ ಯುದ್ಧವೋ ಶಿಕ್ಷಣವೋ, ವಿಷಯ ಯಾವುದೇ ಇರಲಿ, ನಮ್ಮ ಅಂಕಣಗಳಲ್ಲಿ, ಶಾಲೆಯ ಭಾಷಣ ಸ್ಪರ್ಧೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಅಮೆರಿಕದ ಯಾರಾದರೊಬ್ಬ ಅಧ್ಯಕ್ಷರ ಮಾತು ಬಂದೇ ಬರುತ್ತದೆ. ಅವುಗಳಲ್ಲಿ ಎಷ್ಟೋ ಮಾತುಗಳನ್ನು ಆ ಅಧ್ಯಕ್ಷರು ಆಡಿಯೇ ಇಲ್ಲ. ಆಡಿದ್ದರೂ ಆಗ ಅವರು ಅಧ್ಯಕ್ಷರಾಗಿರಲಿಲ್ಲ ಎನ್ನುವಂಥವೂ ಇವೆ. ಜಗತ್ತಿನ ಬೇರಾವ ಹುದ್ದೆಯಲ್ಲಿದ್ದವರ ಮಾತೂ ಇಷ್ಟು ಅಚ್ಚುಕಟ್ಟಾಗಿ ದಾಖಲಾಗಿ, ಇಷ್ಟು ಸುಲಭವಾಗಿ ಎಲ್ಲರ ಕೈಗೆ ಸಿಗುವುದು ಅಪರೂಪ. ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದಾದದ್ದು ತಪ್ಪಾಗಿಯೇ ಅಚ್ಚಾಗುತ್ತಿರುವುದರಿಂದ ಈ ಪತ್ರ.

ಮೊದಲಿಗೆ, ತನ್ನ ಮಗನ ಶಾಲೆಯ ಮುಖ್ಯೋಪಾಧ್ಯಾಯರಿಗೆ ಲಿಂಕನ್ ಬರೆದರೆನ್ನುವ ಪತ್ರ. ಅದು ಭಾಷಣವಲ್ಲ, ನಿಜ. ಆದರೆ ಪ್ರತಿವರ್ಷ ಶಿಕ್ಷಕರ ದಿನಾಚರಣೆಯ ವೇದಿಕೆಗಳಲ್ಲಿ ಭಾಷಣದಂತೆಯೇ ಓದಲ್ಪಡುತ್ತದೆ. ಲಿಂಕನ್ ಅವರ ಸಮಗ್ರ ಬರಹಗಳನ್ನು ರಾಯ್ ಬ್ಯಾಸ್ಲರ್ ಸಂಪಾದಿಸಿದ್ದಾರೆ. 1953ರಿಂದ ಎಂಟು ಸಂಪುಟಗಳಾಗಿ ಬಂದ ಅವನ್ನು ಮಿಷಿಗನ್ ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಆ ಪತ್ರ ಅಲ್ಲೆಲ್ಲೂ ಇಲ್ಲ. ಹಿರಿಯ ಮಗ ರಾಬರ್ಟ್, ತಂದೆ ಅಧ್ಯಕ್ಷರಾಗುವ ಮೊದಲೇ ನ್ಯೂ ಹ್ಯಾಂಪ್‌ಶೈರ್‌ನ ಫಿಲಿಪ್ಸ್ ಎಕ್ಸೆಟರ್ ಶಾಲೆ ಮುಗಿಸಿದ್ದರು. ಕಿರಿಯರಾದ ವಿಲ್ಲಿ ಮತ್ತು ಟ್ಯಾಡ್‌ಗೆ ಶ್ವೇತಭವನದಲ್ಲಿ ಮನೆಪಾಠ ನಡೆಯುತ್ತಿತ್ತು. ‘ಎಲ್ಲರನ್ನೂ ಕೆಲಕಾಲ ಮೋಸಗೊಳಿಸಬಹುದು, ಕೆಲವರನ್ನು ಸದಾಕಾಲ ಮೋಸಗೊಳಿಸಬಹುದು’ ಎಂಬ ಮಾತಿಗೂ ಲಿಂಕನ್ ಬದುಕಿದ್ದ ಕಾಲದ ದಾಖಲೆ ಇಲ್ಲ; ಅವರ ಹೆಸರು ಅದಕ್ಕೆ ಅಂಟಿಕೊಂಡದ್ದು 1880ರ ದಶಕದಲ್ಲಿ. ಮರ ಕಡಿಯಲು ಆರು ಗಂಟೆ ಕೊಟ್ಟರೆ ನಾಲ್ಕು ಗಂಟೆ ಕೊಡಲಿ ಮಸೆಯುತ್ತೇನೆ ಎಂಬ ಮಾತಿಗೂ ಆಧಾರವಿಲ್ಲ.

ಇನ್ನು ಲಿಂಕನ್ ನಿಜವಾಗಿ ಆಡಿದ ಗೆಟಿಸ್‌ಬರ್ಗ್ ಭಾಷಣ. ಅಮೆರಿಕದ ಅಂತರ್ಯುದ್ಧದಲ್ಲಿ ಗೆಟಿಸ್‌ಬರ್ಗ್ ಊರಿನ ಕದನ ನಡೆದದ್ದು 1863ರ ಜುಲೈ 1ರಿಂದ 3ರವರೆಗೆ. ಭಾಷಣ ಅದೇ ವರ್ಷದ ನವೆಂಬರ್ 19ರಂದು, ಮಡಿದ ಸೈನಿಕರ ಸ್ಮಶಾನವನ್ನು ಸಮರ್ಪಿಸುವ ಸಮಾರಂಭದಲ್ಲಿ. ಅಂದಿನ ಮುಖ್ಯ ಭಾಷಣಕಾರರು ಎಡ್ವರ್ಡ್ ಎವರೆಟ್. ಅವರು ಸುಮಾರು ಎರಡು ಗಂಟೆ ಮಾತಾಡಿದರು. ಲಿಂಕನ್ ಅವರದು ಹತ್ತು ವಾಕ್ಯ, ಸುಮಾರು 270 ಪದ. ರೈಲಿನಲ್ಲಿ ಕುಳಿತು ಲಕೋಟೆಯ ಹಿಂಬದಿಗೆ ಗೀಚಿದರು ಎಂಬ ಕಥೆಯನ್ನು ಈಗಲಾದರೂ ಬಿಡಬೇಕು. ನಮಗೆ ದೊರೆತಿರುವ ಮೊದಲ ಕರಡಿನ ಮೊದಲ ಪುಟ ಶ್ವೇತಭವನದ ಅಧಿಕೃತ ಕಾಗದದಲ್ಲಿ, ಶಾಯಿಯಲ್ಲಿ, ಸ್ಥಿರವಾದ ಕೈಬರಹದಲ್ಲಿದೆ. ಎರಡನೆಯ ಪುಟ ಮಾತ್ರ ಬೇರೆ ಕಾಗದದಲ್ಲಿ, ಪೆನ್ಸಿಲ್‌ನಲ್ಲಿದೆ.

ಅನುವಾದಕರು ಗಮನಿಸಬೇಕಾದ ಸೂಕ್ಷ್ಮ ಇನ್ನೊಂದಿದೆ. ಲಿಂಕನ್ ಕೈಬರಹದಲ್ಲೇ ಈ ಭಾಷಣದ ಐದು ಪ್ರತಿಗಳಿವೆ; ಪಡೆದವರ ಹೆಸರಿನಿಂದ ಅವನ್ನು ನಿಕೊಲೆ, ಹೇ, ಎವರೆಟ್, ಬ್ಯಾಂಕ್ರಾಫ್ಟ್, ಬ್ಲಿಸ್ ಪ್ರತಿ ಎನ್ನುತ್ತಾರೆ. ಮೊದಲೆರಡು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಮೂರನೆಯದು ಸ್ಪ್ರಿಂಗ್‌ಫೀಲ್ಡ್‌ನ ಲಿಂಕನ್ ಗ್ರಂಥಾಲಯದಲ್ಲಿ, ನಾಲ್ಕನೆಯದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ, ಐದನೆಯದು ಶ್ವೇತಭವನದಲ್ಲೇ ಇದೆ. ‘ದೇವರ ಅಡಿಯಲ್ಲಿ ಈ ರಾಷ್ಟ್ರ’ ಎಂಬ ಅರ್ಥದ ಪದಗಳು ಮೊದಲೆರಡು ಪ್ರತಿಗಳಲ್ಲಿಲ್ಲ. ಭಾಷಣದ ನಂತರ ಬರೆದುಕೊಟ್ಟ ಉಳಿದ ಮೂರರಲ್ಲಿವೆ. ಅಂದು ಸ್ಥಳದಲ್ಲಿದ್ದ ವರದಿಗಾರರು ತಂತಿಯಲ್ಲಿ ಕಳಿಸಿದ ಪಾಠದಲ್ಲೂ ಅವು ಇರುವುದರಿಂದ, ಮಾತಾಡುವಾಗ ಲಿಂಕನ್ ಸೇರಿಸಿದರೆಂದು ತಿಳಿಯಲಾಗಿದೆ. ಸಹಿ, ಶೀರ್ಷಿಕೆ, ದಿನಾಂಕ ಮೂರೂ ಇರುವ ಬ್ಲಿಸ್ ಪ್ರತಿಯನ್ನೇ ಸಾಮಾನ್ಯವಾಗಿ ಪ್ರಮಾಣವಾಗಿ ಹಿಡಿಯುತ್ತಾರೆ. ಕನ್ನಡಕ್ಕೆ ತರುವವರು ಯಾವ ಪ್ರತಿಯಿಂದ ತಂದೆವು ಎಂದು ಒಂದು ಸಾಲು ಬರೆದರೆ, ಎರಡು ಅನುವಾದಗಳು ಒಂದಕ್ಕೊಂದು ಹೊಂದದಿದ್ದಾಗ ಓದುಗರು ಗೊಂದಲಕ್ಕೆ ಬೀಳುವುದಿಲ್ಲ. ‘ಪ್ರಜೆಗಳಿಂದ, ಪ್ರಜೆಗಳಿಗಾಗಿ’ ಎಂಬುದನ್ನು ಲಿಂಕನ್ ಕೊಟ್ಟ ಪ್ರಜಾಪ್ರಭುತ್ವದ ವ್ಯಾಖ್ಯೆ ಎಂದು ಮಕ್ಕಳಿಗೆ ಕಲಿಸುತ್ತೇವಲ್ಲ, ಆ ಸಾಲು ಬರುವುದು ಭಾಷಣದ ಕೊನೆಯ ದೀರ್ಘ ವಾಕ್ಯದ ಬಾಲದಲ್ಲಿ. ಅಂಥ ಸರ್ಕಾರ ಭೂಮಿಯಿಂದ ಅಳಿಯದಂತೆ ನೋಡಿಕೊಳ್ಳುವ ಸಂಕಲ್ಪ ಅದು. ಲಿಂಕನ್ ಅಲ್ಲಿ ಏನನ್ನೂ ವ್ಯಾಖ್ಯಾನಿಸುತ್ತಿರಲಿಲ್ಲ.

ಮಾತು ನಿಜವೇ ಆದರೂ, ಅದನ್ನಾಡಿದಾಗ ಅವರು ಯಾವ ಹುದ್ದೆಯಲ್ಲಿದ್ದರು ಎಂದು ನೋಡಬೇಕು. ಥಿಯೋಡರ್ ರೂಸ್‌ವೆಲ್ಟ್ ವಿಷಯದಲ್ಲಿ ಈ ತಪ್ಪು ಮತ್ತೆ ಮತ್ತೆ ಆಗುತ್ತದೆ. ಮೆಲ್ಲಗೆ ಮಾತಾಡಿ, ಕೈಯಲ್ಲಿ ದೊಡ್ಡ ದೊಣ್ಣೆ ಇರಲಿ ಎಂಬ ಮಾತನ್ನು ಅವರು 1901ರ ಸೆಪ್ಟೆಂಬರ್ 2ರಂದು ಮಿನೆಸೋಟ ರಾಜ್ಯದ ಜಾತ್ರೆಯಲ್ಲಿ ಹೇಳಿದಾಗ ಉಪಾಧ್ಯಕ್ಷರಾಗಿದ್ದರು. ಆಗಿನ ಅಧ್ಯಕ್ಷ ಮೆಕಿನ್ಲಿ ಗುಂಡೇಟಿನಿಂದ ಸತ್ತು ಇವರು ಅಧ್ಯಕ್ಷರಾದದ್ದು ಸೆಪ್ಟೆಂಬರ್ 14ಕ್ಕೆ. ಟೀಕಿಸುವವನಿಗಿಂತ ಅಖಾಡದಲ್ಲಿ ಧೂಳು, ಬೆವರು, ರಕ್ತ ಮೆತ್ತಿಕೊಂಡವನೇ ದೊಡ್ಡವನು ಎಂಬ ಪ್ರಸಿದ್ಧ ಮಾತು 1910ರ ಏಪ್ರಿಲ್ 23ರಂದು ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿ ಬಂದದ್ದು. ಆಗ ಅವರು ಮಾಜಿ. ಲಿಂಕನ್ ಅವರ ‘ಒಡೆದ ಮನೆ ನಿಲ್ಲದು’ ಭಾಷಣ 1858ರ ಜೂನ್ 16ರದು, ಅವರಾಗ ಸೆನೆಟ್ ಅಭ್ಯರ್ಥಿ. ಹಿನ್ನೆಲೆ ತಪ್ಪಿದರೆ ಮಾತಿನ ತೂಕವೇ ಬದಲಾಗುತ್ತದೆ. ಚುನಾವಣೆಗೆ ನಿಂತವನ ಮಾತು ವಾದ; ಅಧಿಕಾರದಲ್ಲಿ ಕುಳಿತವನ ಮಾತು ನೀತಿಯಾಗುತ್ತದೆ.

ಬಾಯಲ್ಲಿ ಹೇಳಿದ್ದೋ, ಬರೆದು ಕಳಿಸಿದ್ದೋ ಎಂಬುದೂ ಮುಖ್ಯ. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ‘ವಿದಾಯ ಭಾಷಣ’ ಯಾವ ಸಭೆಯಲ್ಲೂ ಅವರ ಬಾಯಿಂದ ಬಂದದ್ದಲ್ಲ. 1796ರ ಸೆಪ್ಟೆಂಬರ್ 19ರಂದು ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರ ಹಿಂದೆ, ಮುಂದೆ ಅಧ್ಯಕ್ಷರಾದ ಮ್ಯಾಡಿಸನ್ 1792ರಲ್ಲಿ ಬರೆದಿದ್ದ ಕರಡು ಮತ್ತು ವಾಷಿಂಗ್ಟನ್ ಅವರ ಸಂಪುಟದಲ್ಲಿದ್ದ ಹ್ಯಾಮಿಲ್ಟನ್ 1796ರಲ್ಲಿ ಬೆಳೆಸಿದ ಕರಡು ಇವೆ. ಅನ್ಯ ರಾಷ್ಟ್ರಗಳೊಡನೆ ‘ತೊಡಕಿನ ಮೈತ್ರಿ ಬೇಡ’ ಎಂಬ ಮಾತನ್ನು ಇದೇ ವಿದಾಯಕ್ಕೆ ಸೇರಿಸುವುದು ವಾಡಿಕೆಯಾಗಿದೆ. ಆ ಪದಗಳು ಜೆಫರ್‌ಸನ್ ಅವರ 1801ರ ಪದಗ್ರಹಣ ಭಾಷಣದವು. ಅದೇ ಜೆಫರ್‌ಸನ್, ಕಾಂಗ್ರೆಸ್‌ಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಅಧ್ಯಕ್ಷರು ಕೊಡಬೇಕಾದ ವಾರ್ಷಿಕ ವರದಿಯನ್ನು ತಾವೇ ಹೋಗಿ ಓದುವುದನ್ನು ನಿಲ್ಲಿಸಿ ಬರಹದಲ್ಲಿ ಕಳಿಸತೊಡಗಿದರು. 1913ರಲ್ಲಿ ವುಡ್ರೋ ವಿಲ್ಸನ್ ಮತ್ತೆ ಖುದ್ದಾಗಿ ಬಂದು ಓದುವವರೆಗೆ, ಶತಮಾನಕ್ಕೂ ಹೆಚ್ಚು ಕಾಲ, ಗುಮಾಸ್ತರೇ ಅದನ್ನು ಓದುತ್ತಿದ್ದರು. ಹಾಗಾಗಿ ‘ಲಿಂಕನ್ ಕಾಂಗ್ರೆಸ್‌ನಲ್ಲಿ ನಿಂತು ವಾರ್ಷಿಕ ಭಾಷಣ ಮಾಡಿದರು’ ಎಂದು ಬರೆದರೆ ತಪ್ಪು. ‘ಸಂದೇಶ ಕಳಿಸಿದರು’ ಎನ್ನಬೇಕು.

ದಿನಾಂಕದಲ್ಲಿ ಎಡವುವುದು ಎರಡು ಕಡೆ. ಪದಗ್ರಹಣ ಜನವರಿ 20ಕ್ಕೆ ಬಂದದ್ದು 1937ರಿಂದ. ಅದಕ್ಕೆ ಮೊದಲು ಮಾರ್ಚ್ 4 ವಾಡಿಕೆಯ ದಿನ. ವಾಷಿಂಗ್ಟನ್ ಅವರ ಮೊದಲ ಪದಗ್ರಹಣ ಮಾತ್ರ 1789ರ ಏಪ್ರಿಲ್ 30ರಂದು, ನ್ಯೂಯಾರ್ಕ್‌ನಲ್ಲಿ ನಡೆಯಿತು. ಇನ್ನೊಂದು ಕಾಲಮಾನದ ವ್ಯತ್ಯಾಸ. ಚಳಿಗಾಲದಲ್ಲಿ ವಾಷಿಂಗ್ಟನ್ನಿನ ರಾತ್ರಿ 9 ಗಂಟೆ ಎಂದರೆ ನಮಗೆ ಮರುದಿನ ಬೆಳಿಗ್ಗೆ 7.30. ಮಂಗಳವಾರದ ಭಾಷಣವನ್ನು ಬುಧವಾರ ಕೇಳಿ ಬುಧವಾರದ್ದೆಂದೇ ಬರೆದರೆ, ಮುಂದೆ ಹುಡುಕುವವರಿಗೆ ಆ ದಿನಾಂಕದಲ್ಲಿ ಏನೂ ಸಿಗುವುದಿಲ್ಲ. ಭಾಷಣಕ್ಕೆ ಅಲ್ಲಿನ ದಿನಾಂಕವನ್ನೇ ಕೊಡಬೇಕು. ಪದಗ್ರಹಣದ ವಿಶೇಷ ಪುಟಗಳಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ 1841ರ ಮಾರ್ಚ್ 4ರಂದು ಚಳಿಯಲ್ಲಿ ಕೋಟು ಟೋಪಿ ಇಲ್ಲದೆ 8 ಸಾವಿರಕ್ಕೂ ಹೆಚ್ಚು ಪದಗಳ ಭಾಷಣ ಮಾಡಿ ಅದರಿಂದಲೇ ಸತ್ತರು ಎಂಬುದು ಖಾಯಂ. ಭಾಷಣ ಅಷ್ಟುದ್ದ ಇದ್ದದ್ದು ನಿಜ, ಏಪ್ರಿಲ್ 4ರಂದು ತೀರಿಕೊಂಡದ್ದೂ ನಿಜ. ಆದರೆ ಕಾಯಿಲೆ ಶುರುವಾದದ್ದು ಮೂರು ವಾರಗಳ ಮೇಲೆ. ಶ್ವೇತಭವನದ ಕಲುಷಿತ ನೀರಿನಿಂದ ಬಂದ ಕರುಳಿನ ಜ್ವರ ಇದ್ದಿರಬಹುದು ಎಂದು 2014ರಲ್ಲಿ ವೈದ್ಯಕೀಯ ಸಂಶೋಧಕರು ವಾದಿಸಿದ್ದಾರೆ.

ಸಿದ್ಧಪಡಿಸಿದ ಪಾಠಕ್ಕೂ ಆಡಿದ ಮಾತಿಗೂ ಇರುವ ಅಂತರವನ್ನು ಸುದ್ದಿಮನೆಗಳು ವಿಶೇಷವಾಗಿ ಗಮನಿಸಬೇಕು. ಪರ್ಲ್ ಹಾರ್ಬರ್ ದಾಳಿಯ ಮರುದಿನ, 1941ರ ಡಿಸೆಂಬರ್ 8ರಂದು, ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಂಗ್ರೆಸ್ ಮುಂದೆ ಮಾಡಿದ ಭಾಷಣದ ಟೈಪಾದ ಕರಡಿನಲ್ಲಿ ಮೊದಲು ಇದ್ದದ್ದು ‘ಜಗತ್ತಿನ ಇತಿಹಾಸದಲ್ಲಿ ಉಳಿಯುವ ದಿನ’ ಎಂದು. ರೂಸ್‌ವೆಲ್ಟ್ ಪೆನ್ಸಿಲ್ ಹಿಡಿದು ‘ಜಗತ್ತಿನ ಇತಿಹಾಸ’ವನ್ನು ಹೊಡೆದುಹಾಕಿ ‘ಕಳಂಕ’ ಎಂಬ ಅರ್ಥದ ಪದ ಬರೆದರು. ಕರಡನ್ನು ನೋಡಿ ಉಲ್ಲೇಖಿಸಿದವರ ಗತಿ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. 1993ರ ಸೆಪ್ಟೆಂಬರ್ 22ರಂದು ಕ್ಲಿಂಟನ್ ಆರೋಗ್ಯ ವಿಮೆ ಕುರಿತು ಮಾತಾಡಲು ನಿಂತಾಗ ಭಾಷಣದ ಪಾಠ ತೋರಿಸುವ ಪರದೆಯಾದ ಟೆಲಿಪ್ರಾಂಪ್ಟರ್‌ನಲ್ಲಿ ಕಂಡದ್ದು ಫೆಬ್ರುವರಿಯ ಭಾಷಣ. ಸರಿಪಡಿಸುವವರೆಗೆ ಹಲವು ನಿಮಿಷ ಪರದೆಯ ನೆರವಿಲ್ಲದೆಯೇ ಮಾತಾಡಿದರು. ಇಂಥ ಹೊತ್ತಿನಲ್ಲಿ ಮೊದಲೇ ಹಂಚಿದ ಪ್ರತಿಯನ್ನು ನಂಬಿ ವರದಿ ಮಾಡಿದರೆ, ಆಡದ ಮಾತು ಅಚ್ಚಾಗುತ್ತದೆ.

ನಮ್ಮ ಬೆಂಗಳೂರನ್ನೇ ತಟ್ಟಿದ ಪ್ರಕರಣವೂ ಒಂದಿದೆ. 2009ರ ಮೇ 4ರಂದು ಒಬಾಮ ಶ್ವೇತಭವನದಲ್ಲಿ ತೆರಿಗೆ ಸುಧಾರಣೆಯ ಕುರಿತು ಮಾತಾಡಿದರು. ಅದರ ಸಾರವಾಗಿ ನಮ್ಮ ದೇಶದ ಪತ್ರಿಕೆಗಳಲ್ಲಿ ಬಂದದ್ದು ‘ಬೆಂಗಳೂರು ಬೇಡ, ಬಫಲೋ ಬೇಕು’ ಎಂಬ ಘೋಷಣೆ. ಅದನ್ನು ಒಬಾಮ ಅವರ ಬಾಯಿಗೇ ಇಟ್ಟು ಈಗಲೂ ಉಲ್ಲೇಖಿಸುತ್ತಾರೆ. ಪಾಠ ತೆಗೆದು ನೋಡಿದರೆ ಅವರು ಹೇಳಿದ್ದು ಇಷ್ಟು: ನ್ಯೂಯಾರ್ಕ್‌ನ ಬಫಲೋದಲ್ಲಿ ಕೆಲಸ ಸೃಷ್ಟಿಸಿದರೆ ಬೀಳುವುದಕ್ಕಿಂತ ಕಡಿಮೆ ತೆರಿಗೆಯನ್ನು ಭಾರತದ ಬೆಂಗಳೂರಿನಲ್ಲಿ ಸೃಷ್ಟಿಸಿದವರು ಕಟ್ಟಲಿ ಎನ್ನುತ್ತದೆ ಈಗಿನ ತೆರಿಗೆ ಕಾನೂನು. ಅಮೆರಿಕದ ಕಂಪನಿಗಳು ಹೊರದೇಶದಲ್ಲಿ ಗಳಿಸಿದ ಲಾಭವನ್ನು ಸ್ವದೇಶಕ್ಕೆ ತರುವವರೆಗೆ ತೆರಿಗೆ ಮುಂದೂಡಲು ಇದ್ದ ಅವಕಾಶದ ಬಗ್ಗೆ ಅವರ ದೂರು. ಬೆಂಗಳೂರಿನ ಹೆಸರು ಬಂದದ್ದು ನಮ್ಮವರಿಗೆ ಚುಚ್ಚಿದ್ದು ಸಹಜ, ಆ ಮಾತನ್ನು ಟೀಕಿಸುವ ಹಕ್ಕೂ ನಮಗಿದೆ. ಆದರೆ ಶೀರ್ಷಿಕೆ ಬರೆದವರ ಘೋಷಣೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಅಧ್ಯಕ್ಷರ ಹೆಸರು ಬರೆಯಲು ಬರುವುದಿಲ್ಲ.

ಪರೀಕ್ಷಿಸುವುದು ಹೇಗೆ? ಕನ್ನಡ ಅನುವಾದವನ್ನು ಹುಡುಕಿ ಪ್ರಯೋಜನವಿಲ್ಲ. ಮೂಲ ಇಂಗ್ಲಿಷಿನ ಐದಾರು ವಿಶಿಷ್ಟ ಪದಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ‘ಅಮೆರಿಕನ್ ಪ್ರೆಸಿಡೆನ್ಸಿ ಪ್ರಾಜೆಕ್ಟ್’ ತಾಣದಲ್ಲಿ ಹುಡುಕಬೇಕು. ದಾಖಲೆ ಸಿಕ್ಕರೆ ತಲೆಬರಹ ಓದಿ: ಭಾಷಣವೋ, ಲಿಖಿತ ಸಂದೇಶವೋ, ಪತ್ರಕರ್ತರ ಪ್ರಶ್ನೆಗೆ ಉತ್ತರವೋ ಅಲ್ಲೇ ತಿಳಿಯುತ್ತದೆ. ‘ಸಿದ್ಧಪಡಿಸಿದಂತೆ’ ಎಂದು ನಮೂದಿಸಿದ ಪ್ರತಿ ಭಾಷಣಕ್ಕೆ ಮುಂಚೆ ಹಂಚಿದ್ದು. ‘ಮಾಡಿದಂತೆ’ ಎಂದಿರುವುದು ಆಮೇಲಿನದು. ಎರಡನೆಯದನ್ನೇ ಬಳಸಬೇಕು, ಧ್ವನಿಮುದ್ರಣ ಇದ್ದರೆ ಆ ಸಾಲನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು. ವರ್ಜೀನಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಸೆಂಟರ್‌ನಲ್ಲಿ ಅನೇಕ ಭಾಷಣಗಳ ಧ್ವನಿ, ದೃಶ್ಯ ಎರಡೂ ಸಿಗುತ್ತವೆ. ಶ್ವೇತಭವನದ ಜಾಲತಾಣದ ಕೊಂಡಿ ಮಾತ್ರ ಕೊಡಬೇಡಿ. ಅಧ್ಯಕ್ಷರು ಬದಲಾದ ದಿನವೇ ಆ ತಾಣವೂ ಬದಲಾಗಿ ಹಳೆಯ ಪುಟಗಳು ನ್ಯಾಷನಲ್ ಆರ್ಕೈವ್ಸ್‌ನ ಬೇರೆ ವಿಳಾಸಕ್ಕೆ ಹೋಗುತ್ತವೆ, ನಿಮ್ಮ ಕೊಂಡಿ ಸತ್ತುಹೋಗುತ್ತದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಅಧ್ಯಕ್ಷರೊಬ್ಬರ ಮಾತು ಅಚ್ಚಾಗುವಾಗ ಹೆಸರಿನ ಜತೆ ಸಂದರ್ಭ, ಊರು, ದಿನಾಂಕವೂ ಇರಲಿ: ‘ಫ್ರಾಂಕ್ಲಿನ್ ರೂಸ್‌ವೆಲ್ಟ್, ಪದಗ್ರಹಣ ಭಾಷಣ, ವಾಷಿಂಗ್ಟನ್, 4 ಮಾರ್ಚ್ 1933’ ಎಂಬಂತೆ. ಈ ನಾಲ್ಕನ್ನು ತುಂಬಲಾಗದ ಮಾತನ್ನು ಪುಟಕ್ಕೆ ಹಾಕಬೇಡಿ. ಬಿಡಿ ಸಾಲುಗಳ ಬದಲು ಇಡೀ ಭಾಷಣಗಳನ್ನೇ ಭಾನುವಾರದ ಪುರವಣಿಯಲ್ಲಿ ಅನುವಾದಿಸಿ ಕೊಡುವುದಾದರೆ ಇನ್ನೂ ಒಳ್ಳೆಯದು. ಅಧ್ಯಕ್ಷರು ಹುದ್ದೆಯ ಕರ್ತವ್ಯವಾಗಿ ಮಾಡಿದ ಭಾಷಣಗಳಿಗೆ ಅಮೆರಿಕದ ಕಾನೂನಿನಲ್ಲಿ ಕೃತಿಸ್ವಾಮ್ಯ ಇಲ್ಲ. ಪದವಿಗೆ ಬರುವ ಮುನ್ನ ಅಥವಾ ಇಳಿದ ಮೇಲೆ ಆಡಿದ ಇತ್ತೀಚಿನ ಮಾತುಗಳಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಅವಕ್ಕೆ ಅನುಮತಿ ಬೇಕಾಗಬಹುದು.

ಇತಿ,
ಇತಿಹಾಸ ಅಧ್ಯಾಪಕ, ಧಾರವಾಡ