ಪ್ರವಾಸಿ ತಾಣಗಳಲ್ಲಿ ಕತ್ತಲೆಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಕಳೆದ ಎಳ್ಳ ಅಮಾವಾಸ್ಯೆಯಂದು ಚಿಂಚೋಳಿ ತಾಲ್ಲೂಕಿನ ನಮ್ಮ ಬಂಧುಗಳ ಹೊಲಕ್ಕೆ ಕುಟುಂಬ ಸಮೇತ ಹೋಗಿದ್ದೆವು. ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ, ಭಜ್ಜಿ ಮತ್ತು ಸಜ್ಜೆ ರೊಟ್ಟಿಯ ಊಟ ಮುಗಿಸಿ, ಬಂಧುಗಳ ಮನೆಯಲ್ಲಿ ಕೆಲಹೊತ್ತು ಕುಳಿತು ಕಲಬುರಗಿಗೆ ಮರಳುವಾಗ ರಾತ್ರಿ ಎಂಟರ ಸುಮಾರಿಗೆ ಕಾಡಂಚಿನ ರಸ್ತೆಯಲ್ಲಿ ವಾಹನದ ಗಾಲಿ ಪಂಕ್ಚರ್ ಆಯಿತು. ಬದಲಿ ಗಾಲಿಯಲ್ಲೂ ಗಾಳಿ ಇರಲಿಲ್ಲವಾದ್ದರಿಂದ ಸಹಾಯ ಬರುವವರೆಗೆ ಒಂದು ಗಂಟೆಗೂ ಹೆಚ್ಚು ಕಾಲ ದೀಪ ಆರಿಸಿಕೊಂಡು ರಸ್ತೆಯ ಬದಿಯಲ್ಲಿ ಕಾಯಬೇಕಾಯಿತು. ಆ ಒಂದು ಗಂಟೆಯೇ ಈ ಪತ್ರಕ್ಕೆ ಕಾರಣ.

ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಅಷ್ಟು ಹೊತ್ತು ಕಳೆದ ಮೇಲೆ ತೆರೆದುಕೊಂಡ ಆಕಾಶವನ್ನು ನಾನು ಬಾಲ್ಯದ ನಂತರ ನೋಡಿಯೇ ಇರಲಿಲ್ಲ. ಪಾಠಪುಸ್ತಕದ ಚಿತ್ರದಲ್ಲಿ ಬೇಟೆಗಾರನ ಆಕಾರದ ನಕ್ಷತ್ರಪುಂಜವಾದ ಮಹಾವ್ಯಾಧನನ್ನು (ಓರಿಯನ್) ಸಲೀಸಾಗಿ ಗುರುತಿಸುವ ನನ್ನ ಮೊಮ್ಮಗಳಿಗೆ ಅಲ್ಲಿ ಅವನನ್ನು ಹುಡುಕುವುದೇ ಕಷ್ಟವಾಯಿತು, ಏಕೆಂದರೆ ಚಿತ್ರದಲ್ಲಿಲ್ಲದ ನೂರಾರು ಚುಕ್ಕಿಗಳು ಅವನ ಸುತ್ತ ತುಂಬಿದ್ದವು. ಕೊನೆಗೆ, ನಮ್ಮ ತಂದೆಯವರು ಕೂರಿಗೆ ಚುಕ್ಕಿ ಎಂದು ಕರೆಯುತ್ತಿದ್ದ, ಅವನ ನಡುಪಟ್ಟಿಯ ಮೂರು ಚುಕ್ಕಿಗಳನ್ನು ತೋರಿಸಿ ದಾರಿ ಹೇಳಬೇಕಾಯಿತು. ಅದರ ಮೇಲ್ಭಾಗದಲ್ಲಿ ರೋಹಿಣಿ ಕೆಂಪಗೆ ಹೊಳೆಯುತ್ತಿತ್ತು. ‘ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ’ ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಆದರೆ ಆ ಮಳೆಯ ದಿನಗಳಲ್ಲಿ, ಅಂದರೆ ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಸೂರ್ಯನೇ ಆ ನಕ್ಷತ್ರದ ನೆರೆಯಲ್ಲಿರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಎಳ್ಳ ಅಮಾವಾಸ್ಯೆಯ ರಾತ್ರಿ ಮಾತ್ರ ಪೂರ್ವದಲ್ಲಿ ಎತ್ತರಕ್ಕೇರಿ ನಿಂತಿರುತ್ತದೆ. ನಾವು ಹೊರಡುವ ಹೊತ್ತಿಗೆ ದಕ್ಷಿಣದ ಅಂಚಿನಲ್ಲಿ ಅಗಸ್ತ್ಯ ನಕ್ಷತ್ರ ಮೇಲೇಳುತ್ತಿತ್ತು.

ನಮ್ಮ ಭಾಗ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದು ಆಕಾಶ ನೋಡುವವರಿಗೆ ದೊಡ್ಡ ಅನುಕೂಲ. ದಿಲ್ಲಿಯಲ್ಲಿ ದಿಗಂತದ ತುಸು ಮೇಲಷ್ಟೇ ಸುಳಿದುಹೋಗುವ ಅಗಸ್ತ್ಯ ಇಲ್ಲಿ ಸುಮಾರು 20 ಡಿಗ್ರಿ ಎತ್ತರಕ್ಕೇರುತ್ತದೆ. ದಿಲ್ಲಿಯವರಿಗೆ ಪೂರ್ತಿಯಾಗಿ ಎಂದೂ ಕಾಣದ ತ್ರಿಶಂಕು ನಕ್ಷತ್ರಪುಂಜವು ಮೇ ತಿಂಗಳ ರಾತ್ರಿ ಒಂಬತ್ತರ ಸುಮಾರಿಗೆ ನಮ್ಮ ದಕ್ಷಿಣ ದಿಗಂತದ ಮೇಲೆ ನೆಟ್ಟಗೆ ನಿಲ್ಲುತ್ತದೆ. ಡಿಸೆಂಬರ್ 13 ಮತ್ತು 14ರ ರಾತ್ರಿ ಮಿಥುನ ರಾಶಿಯ ಕಡೆಯಿಂದ ಬರುವ ಉಲ್ಕೆಗಳ ಮಳೆಯು ನಮ್ಮಲ್ಲಿ ಮೋಡವಿಲ್ಲದ, ಹಿತವಾದ ಚಳಿಯ ದಿನಗಳಲ್ಲಿಯೇ ಬರುತ್ತದೆ.

ಹಗಲಿನ ನೋಟಗಳಿಗೂ ಇಲ್ಲಿ ಕೊರತೆಯಿಲ್ಲ. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಗುಡ್ಡಗಳು, ಬೀದರ ಕೋಟೆಯ ಗೋಡೆಯ ಮೇಲಿಂದ ಕೆಳಗೆ ಹರಡಿಕೊಳ್ಳುವ ಬಯಲು, ಶಹಾಪುರದ ಬಳಿ ದೂರದಿಂದ ಮಲಗಿದ ಬುದ್ಧನಂತೆ ತೋರುವ ಬೆಟ್ಟದ ಸಾಲು, ಇವನ್ನು ನೋಡಲು ಜನ ಬರುತ್ತಾರೆ. ಸೂರ್ಯ ಮುಳುಗಿದೊಡನೆ ಎಲ್ಲರೂ ವಾಹನ ಹತ್ತುತ್ತಾರೆ. ಬುದ್ಧನ ಬೆಟ್ಟದ ಅಂಚು ಅತ್ಯಂತ ಸ್ಪಷ್ಟವಾಗಿ ಮೂಡುವುದು ಮುಳುಗಿದ ಸೂರ್ಯನ ಕೆಂಪು ಹಿಂದೆ ಉಳಿದಿರುವ ಆ ಅರ್ಧ ಗಂಟೆಯಲ್ಲಿಯೇ ಎಂಬುದನ್ನು ಬಲ್ಲವರು ಕಡಿಮೆ.

ಇತ್ತೀಚೆಗೆ ನಾನು ಹೋಗಿದ್ದ ಒಂದು ಜಲಾಶಯದ ದಂಡೆಯ ಮೇಲೆ ಎತ್ತರದ ಹೈಮಾಸ್ಟ್ ದೀಪಗಳನ್ನು ನಿಲ್ಲಿಸಿದ್ದಾರೆ. ಅವುಗಳ ಬೆಳಕು ನೆಲಕ್ಕಿಂತ ಹೆಚ್ಚಾಗಿ ನೀರಿನ ಮೇಲೂ ಆಕಾಶಕ್ಕೂ ಚೆಲ್ಲುತ್ತದೆ. ಅಲ್ಲಿ ಈಗ ಬೆರಳೆಣಿಕೆಯಷ್ಟು ಚುಕ್ಕಿಗಳು ಮಾತ್ರ ಕಾಣುತ್ತವೆ. ಅಭಿವೃದ್ಧಿಯೆಂದರೆ ಬೆಳ್ಳಗಿನ ಬೆಳಕು ಎಂಬ ತಿಳಿವಳಿಕೆ ಹೀಗೆಯೇ ಮುಂದುವರಿದರೆ, ಇಂಥ ಒಂದೊಂದೇ ದೀಪದಿಂದ ನಮ್ಮ ಎಲ್ಲ ತಾಣಗಳೂ ಆಕಾಶ ಕಳೆದುಕೊಳ್ಳುತ್ತವೆ ಎಂಬ ಆತಂಕ ನನ್ನದು.

ಕತ್ತಲೆಯಲ್ಲಿ ಹೆಣ್ಣುಮಕ್ಕಳು ಮತ್ತು ವೃದ್ಧರು ಓಡಾಡುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರವೂ ಇದೆ. ಮೇಲ್ಭಾಗ ಮುಚ್ಚಿದ, ನೆಲದತ್ತ ಮಾತ್ರ ಬೆಳಕು ಬೀಳಿಸುವ, ಮೊಣಕಾಲೆತ್ತರದ ಹಳದಿ ದೀಪಗಳನ್ನು ದಾರಿ, ಮೆಟ್ಟಿಲು, ಶೌಚಾಲಯ ಮತ್ತು ವಾಹನ ನಿಲುಗಡೆಯ ಬಳಿ ಹಾಕಿದರೆ ಹೆಜ್ಜೆಯಿಡುವ ನೆಲ ಕಣ್ಣು ಕುಕ್ಕದೆ ಇನ್ನೂ ಚೆನ್ನಾಗಿ ಕಾಣುತ್ತದೆ. ಬಿಳಿ ಎಲ್‌ಇಡಿ ದೀಪದಲ್ಲಿ ನೀಲಿ ಬೆಳಕಿನ ಪಾಲು ಹೆಚ್ಚು. ಹಗಲಿನ ಆಕಾಶವನ್ನು ನೀಲಿಯಾಗಿಸುವ ಚದುರುವಿಕೆಯೇ ಈ ದೀಪಗಳ ಬೆಳಕನ್ನು ರಾತ್ರಿಯ ಗಾಳಿಯಲ್ಲಿ ಹರಡಿ ಚುಕ್ಕಿಗಳನ್ನು ಮಸುಕಾಗಿಸುತ್ತದೆ. ಹಳದಿ ದೀಪದಿಂದ ಈ ತೊಂದರೆ ಕಡಿಮೆ. ಚಿಂಚೋಳಿ ವನ್ಯಜೀವಿಧಾಮದಲ್ಲಿ ರಾತ್ರಿ ಸಂಚರಿಸುವ ಕತ್ತೆಕಿರುಬ, ತೋಳಗಳಿಗೂ ಕತ್ತಲೆ ಬೇಕು.

ಇದು ಎಲ್ಲಿಯೂ ನಡೆಯದ ಮಾತೇನೂ ಅಲ್ಲ. ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲೆಯ ಆಕಾಶಕ್ಕಾಗಿ ಮೀಸಲಿಡಲಾಯಿತು. ಅಲ್ಲಿಯ ಹಳ್ಳಿಯವರೇ ತರಬೇತಿ ಪಡೆದು ಪ್ರವಾಸಿಗರಿಗೆ ದೂರದರ್ಶಕದಲ್ಲಿ ಆಕಾಶ ತೋರಿಸುತ್ತಾರೆ. ನೆರೆಯ ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶಕ್ಕೆ 2024ರಲ್ಲಿ ದೇಶದ ಮೊದಲ ಕತ್ತಲೆ ಆಕಾಶದ ಉದ್ಯಾನವೆಂಬ ಮನ್ನಣೆ ದೊರೆಯಿತು. ಚಿಂಚೋಳಿಯ ಕಾಡಂಚಿನ ಊರುಗಳ ಯುವಕ ಯುವತಿಯರಿಗೂ ಇಂಥದೊಂದು ಉದ್ಯೋಗ ಸಿಕ್ಕರೆ, ಕೆಲಸ ಹುಡುಕಿಕೊಂಡು ಹೈದರಾಬಾದಿನ ಬಸ್ಸು ಹತ್ತುವವರಲ್ಲಿ ಕೆಲವರಾದರೂ ಊರಲ್ಲಿ ಉಳಿದಾರು.

ಆದ್ದರಿಂದ ಪ್ರವಾಸೋದ್ಯಮ ಮತ್ತು ಅರಣ್ಯ ಇಲಾಖೆಗಳಲ್ಲಿ ನನ್ನ ವಿನಂತಿ ಇಷ್ಟು. ಚಂದ್ರಂಪಳ್ಳಿಯ ಸುತ್ತ ಇನ್ನು ಮುಂದೆ ಹೈಮಾಸ್ಟ್ ದೀಪ ಹಾಕಬಾರದು, ಇರುವ ದೀಪಗಳಿಗೆ ಮೇಲ್ಮುಚ್ಚಳ ಹಾಕಿಸಬೇಕು. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರದ ನೆರವಿನಿಂದ, ನವೆಂಬರಿನಿಂದ ಮಾರ್ಚ್‌ವರೆಗಿನ ಪ್ರತಿ ಅಮಾವಾಸ್ಯೆಯ ಸಂಜೆ ಕಾವಲು ಸಿಬ್ಬಂದಿ, ಕುಡಿಯುವ ನೀರು ಮತ್ತು ಮರಳಲು ಬಸ್ಸಿನ ಏರ್ಪಾಡಿನೊಂದಿಗೆ ಅಲ್ಲಿ ಜನರಿಗೆ ಆಕಾಶ ತೋರಿಸಬೇಕು. ಮೊದಲ ಸಂಜೆಯನ್ನು ಬರುವ ಎಳ್ಳ ಅಮಾವಾಸ್ಯೆಯಂದೇ ಇಟ್ಟುಕೊಂಡರೆ ಜನರನ್ನು ಕರೆತರುವ ಶ್ರಮವೂ ಬೇಡ. ಅಂದು ಕಲಬುರಗಿ ಮತ್ತು ಬೀದರ ಜಿಲ್ಲೆಗಳ ಅರ್ಧ ಜನ ಹೊಲಗಳಲ್ಲಿಯೇ ಇರುತ್ತಾರೆ, ಇನ್ನೆರಡು ಗಂಟೆ ಹೆಚ್ಚು ನಿಲ್ಲುವಂತೆ ಕೇಳಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ಕಲಬುರಗಿ