ಓಲ್ಸನ್ ಹಸ್ತಪ್ರತಿ ಮುಗಿದ ಹೊತ್ತಿನಲ್ಲಿ

ಅಮೆರಿಕದ ಮಿನೆಸೋಟ ರಾಜ್ಯದ ಗವರ್ನರ್ ಆಗಿದ್ದ ಫ್ಲಾಯ್ಡ್ ಬಿ. ಓಲ್ಸನ್ ಅವರನ್ನು ಕುರಿತು ಮೂರು ವರ್ಷಗಳಿಂದ ಬರೆಯುತ್ತಿದ್ದ ಕನ್ನಡ ಹಸ್ತಪ್ರತಿ ಕಳೆದ ವಾರ ಪೂರ್ಣಗೊಂಡಿತು. ಇದು ನನ್ನೊಬ್ಬನಿಂದ ಆದ ಕೆಲಸವಲ್ಲವಾದ್ದರಿಂದ ಋಣವನ್ನು ಎಲ್ಲರೆದುರು ಹೇಳಿಕೊಳ್ಳುತ್ತಿದ್ದೇನೆ.

ಸೇಂಟ್ ಪಾಲ್ ನಗರದಲ್ಲಿರುವ ಮಿನೆಸೋಟ ಐತಿಹಾಸಿಕ ಸಂಘದ ಗ್ರಂಥಾಲಯದ ಸಿಬ್ಬಂದಿಗೆ ನನ್ನ ಮೊದಲ ವಂದನೆ. ನಾನು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೂ ಅವರು ಬೇಸರಿಸದೆ ಹಳೆಯ ಪತ್ರಿಕೆಗಳನ್ನು ತೆಗೆದುಕೊಟ್ಟರು.

ಶಿವಮೊಗ್ಗದ ನಿವೃತ್ತ ವಕೀಲರೊಬ್ಬರು ನನ್ನ ದೊಡ್ಡ ತಪ್ಪೊಂದನ್ನು ತಿದ್ದಿದರು. ಆರ್ಥಿಕ ಮಹಾಕುಸಿತದ ದಿನಗಳಲ್ಲಿ, 1933ರ ಫೆಬ್ರವರಿಯಲ್ಲಿ, ಅಡಮಾನದ ಹೊಲಮನೆಗಳ ಹರಾಜನ್ನು ಓಲ್ಸನ್ ತಡೆದರು. ಏಪ್ರಿಲ್‌ನಲ್ಲಿ ಶಾಸನಸಭೆ ಅದಕ್ಕೆ ಕಾನೂನಿನ ರೂಪ ಕೊಟ್ಟಿತು. ನಾನು ಇದನ್ನು ಸಾಲಮನ್ನಾ ಎಂದು ಬರೆದಿದ್ದೆ. ಸಾಲ ಹಾಗೆಯೇ ಉಳಿದಿತ್ತು, ಆಸ್ತಿಯನ್ನು ಬಿಡಿಸಿಕೊಳ್ಳುವ ಗಡುವು ಮಾತ್ರ ಮುಂದಕ್ಕೆ ಹೋಗಿತ್ತು ಎಂಬುದನ್ನು ಅವರು ಆ ಕಾನೂನಿನ ಕುರಿತ ತೀರ್ಪಿನ ಸಾಲುಸಾಲನ್ನೂ ಓದಿಸಿ ತಿಳಿಸಿಕೊಟ್ಟರು. ಆ ಭಾಗವನ್ನು ಫೋನಿನಲ್ಲಿ ಓದಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ದಿನ ಅವರು ಏನೂ ಕಟ್ಟಲಿಲ್ಲವೇನೋ?" ಕಟ್ಟಿದ್ದರು. ಮಿನಿಯಾಪೊಲಿಸ್‌ನ ಒಂದು ದಂಪತಿಯ ಮೊಕದ್ದಮೆಯಲ್ಲಿ ನ್ಯಾಯಾಲಯ ತಿಂಗಳಿಗೆ 40 ಡಾಲರ್ ನಿಗದಿ ಮಾಡಿ, 1935ರ ಮೇ 1ರವರೆಗೆ ಗಡುವು ನೀಡಿತ್ತು; 1934ರ ಜನವರಿಯಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕರ ಬಹುಮತದಿಂದ ಆ ಕಾನೂನನ್ನು ಎತ್ತಿಹಿಡಿಯಿತು. ಅಮ್ಮನ ಪ್ರಶ್ನೆ ಇಲ್ಲದಿದ್ದರೆ ಆ 40 ಡಾಲರ್ ನನ್ನ ಬರಹದೊಳಗೆ ಬರುತ್ತಿರಲಿಲ್ಲ.

ಕಾರ್ಮಿಕ ಸಂಘಟನೆಯಲ್ಲಿ ದುಡಿದ ಗೆಳೆಯರೊಬ್ಬರಿಗೆ ನಾನು ವಿಶೇಷವಾಗಿ ಋಣಿ. ಓಲ್ಸನ್ ರೈತ-ಕಾರ್ಮಿಕ ಪಕ್ಷದಿಂದ 1930, 1932 ಮತ್ತು 1934ರಲ್ಲಿ ಗವರ್ನರ್ ಚುನಾವಣೆ ಗೆದ್ದವರು, ಶಾಲೆಗಳಿಗೆಂದು ರಾಜ್ಯದ ಮೊದಲ ಆದಾಯ ತೆರಿಗೆಯನ್ನು ತಂದವರು ಎಂಬ ಅಭಿಮಾನದಲ್ಲಿ ನಾನು 1934ರ ಲಾರಿ ಚಾಲಕರ ಮುಷ್ಕರವನ್ನು ಮೆಲ್ಲನೆ ದಾಟಿಹೋಗಿದ್ದೆ. ಜುಲೈ 20ರಂದು ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದ ಬಳಿಕ ಸೇನಾಡಳಿತ ಘೋಷಿಸಿದವರು ಓಲ್ಸನ್ ಅವರೇ. ಅವರ ಸೈನಿಕರು ಮುಷ್ಕರದ ಕೇಂದ್ರಕಚೇರಿಗೇ ನುಗ್ಗಿ ನಾಯಕರನ್ನು ಬಂಧಿಸಿದರು. ಮಾಲೀಕರ ಪರವಾದ ಸಂಘದ ಕಚೇರಿಯ ಮೇಲೆ ದಾಳಿ ನಡೆದದ್ದು ಆಮೇಲೆ. "ಇದನ್ನು ಬಿಟ್ಟರೆ ಮನುಷ್ಯನೇ ಸಿಗುವುದಿಲ್ಲ" ಎಂದು ಬರೆದು ಗೆಳೆಯರು ಅಧ್ಯಾಯವನ್ನು ಹಿಂತಿರುಗಿಸಿದರು. ಪೂರ್ತಿಯಾಗಿ ಮತ್ತೆ ಬರೆದೆ. ಹಸ್ತಪ್ರತಿಯಲ್ಲಿ ನನಗೆ ಸಮಾಧಾನ ಕೊಟ್ಟಿರುವ ಅಧ್ಯಾಯ ಅದೇ.

1936ರ ಆಗಸ್ಟ್ 22ರಂದು, ಸೆನೆಟ್ ಸ್ಥಾನಕ್ಕೆ ಸ್ಪರ್ಧಿಸಿದ್ದಾಗಲೇ, ಓಲ್ಸನ್ ತಮ್ಮ 44ನೆಯ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ಪುಟಗಳನ್ನು ಬರೆಯಲಾಗದೆ ಕುಳಿತಿದ್ದ ವಾರಗಳಲ್ಲಿ ಮನೆಯ ಭಾರವನ್ನೆಲ್ಲ ಹೊತ್ತ ನನ್ನ ಹೆಂಡತಿಗೆ, ಕರಡನ್ನು ಎರಡು ಸಲ ತಿದ್ದಿಕೊಟ್ಟ ತಂಗಿಗೆ ನಾನು ಕೃತಜ್ಞ. ಅಚ್ಚಾದ ಮೊದಲ ಪ್ರತಿ ಅಮ್ಮನ ಕೈಸೇರಲಿದೆ.