ಹಳೆ ಕ್ಯಾಡಿಲಾಕ್‌ಗೆ ಮಲೆನಾಡಿನ ಮಳೆಗಾಲ

ಮಾನ್ಯರೇ,

ತೋಟದ ಶೆಡ್ಡಿನಲ್ಲಿ ಹಳೆ ಅಮೆರಿಕನ್ ಕಾರು ಕಾಪಾಡಿಕೊಂಡವರು ಮಳೆಗಾಲಕ್ಕೆ ಮೊದಲು ಎಥೆನಾಲ್ (ಮದ್ಯಸಾರ) ಬೆರೆತ ಪೆಟ್ರೋಲ್ ಬಗ್ಗೆ ಗಮನಿಸಬೇಕು. 1902ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಕ್ಯಾಡಿಲಾಕ್ ಹೆಸರು ಗಳಿಸಿದ್ದೇ ಕರಾರುವಾಕ್ಕಾದ ಕೆಲಸದಿಂದ. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕ್‌ನಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ, ಬಿಡಿಭಾಗಗಳನ್ನು ಬೆರೆಸಿ ಮತ್ತೆ ಜೋಡಿಸಿದರು. ಅರ ಹಾಕಿ ಉಜ್ಜದೆಯೇ ಎಲ್ಲವೂ ಕೂತವು, ಕಾರುಗಳು 500 ಮೈಲಿ ಓಡಿದವು. ಎಂಥ ಕೈಚಳಕ! ಎಂಜಿನ್ ಶುರು ಮಾಡಲು ತಿರುಗಿಸುವಾಗ ಕೈ ಮುರಿಯುತ್ತಿದ್ದ ಹ್ಯಾಂಡಲ್‌ನ ಕಾಟವನ್ನು 1912ರ ವಿದ್ಯುತ್ ಸ್ಟಾರ್ಟರ್ ತಪ್ಪಿಸಿತು.

ಇಂಥ ಕಾರಿಗೆ ಎಥೆನಾಲ್ ಬೆರೆತ ಪೆಟ್ರೋಲ್ ಆಗಿಬರದು. ಅದು ಗಾಳಿಯ ತೇವ ಹೀರುತ್ತದೆ, ನೀರು ತಳಕ್ಕಿಳಿದು ಟ್ಯಾಂಕ್ ತುಕ್ಕು ಹಿಡಿಯುತ್ತದೆ, ಹಳೆ ರಬ್ಬರ್ ಪೈಪು ಮೆತ್ತಗಾಗಿ ಸೋರುತ್ತದೆ. ಕಾರು ನಿಲ್ಲಿಸುವುದಾದರೆ ಜೂನ್‌ಗೆ ಮೊದಲೇ ಟ್ಯಾಂಕ್, ಕಾರ್ಬುರೇಟರ್ ಎರಡನ್ನೂ ಬರಿದು ಮಾಡಿ. ಎಥೆನಾಲ್ ತಾಳುವ ಪೈಪು ಹಾಕಿಸಿ. ಬಂಕ್‌ನವರು ಪ್ರತಿ ಪಂಪಿನ ಮೇಲೂ ಎಥೆನಾಲ್ ಪ್ರಮಾಣವನ್ನು ಕಾಣುವಂತೆ ಬರೆಸಲಿ.

– ಹಳೆ ಕಾರುಗಳ ಆಸಕ್ತರು, ಚಿಕ್ಕಮಗಳೂರು